ಆಟೀನಿನ ಮೂರು

ಬೆಳಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಅಕ್ಕನ ಮನೆಗೆ ಹೋಗಿ, ಭಾವನ ಮುಂದೆ ಹದಿಮೂರು ಎಲೆ ಹಂಚುವುದನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ. ಜ್ವರ ಬಂದಾಗ ತಲೆಗೆ ಮಫ್ಲರ್ ಸುತ್ತಿಕೊಂಡು ಹೋಗಿದ್ದ. ಮಗಳ ಮದುವೆಯ ದಿನ, ಹೊಸ ಷರ್ಟಿನ ಇಸ್ತ್ರಿ ಕೆಡದ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಎಲೆ ಹಂಚಿ ಬಂದಿದ್ದ. ಹೆಂಡತಿ ಆವತ್ತು, "ಮಗಳನ್ನ ಧಾರೆ ಎರೆಯೋಕೆ ನೀವು ಬರ್ತೀರೋ, ನಿಮ್ಮ ಭಾವ ರಜೆ ಕೊಟ್ಟಿಲ್ವೋ?" ಎಂದು ಮುಖ ಊದಿಸಿಕೊಂಡಿದ್ದಳು.

ಭಾವ ಎಲೆಗಳನ್ನೆತ್ತಿಕೊಂಡು ಎಡದಿಂದ ಬಲಕ್ಕೆ ಜೋಡಿಸುತ್ತಿದ್ದರು. ಮೊದಲು ಇಸ್ಪೀಟ್, ಆಮೇಲೆ ಆಟೀನ್, ಆಮೇಲೆ ಕಳಾವರ್, ಕೊನೆಗೆ ಡೈಮಂಡ್. ಕಪ್ಪು, ಕೆಂಪು, ಕಪ್ಪು, ಕೆಂಪು. ಎರಡು ಕೆಂಪು ಜಾತಿ ಪಕ್ಕಪಕ್ಕ ಕೂತರೆ ಎಂಥವನ ಕಣ್ಣೂ ಮೋಸ ಹೋಗುತ್ತದೆ ಎಂಬುದು ಅವರು ಭಾವಮೈದನಿಗೆ ಹೇಳಿಕೊಟ್ಟ ಮೊದಲ ಪಾಠ. ಜೋಡಿಸಿ, ಒಂದು ಸಲ ನೋಡಿ, ಮೇಜಿನ ಮೇಲೆ ಬೋರಲು ಹಾಕಿ, ಹದಿಮೂರನ್ನೂ ಬಾಯಿಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ಹೇಳಿ ಮುಗಿಸಿ, "ಸರಿನಾ?" ಎನ್ನುವುದು. ಇವನು ಎಲೆ ತಿರುಗಿಸಿ ನೋಡಿ, "ಸರಿ ಭಾವ" ಎನ್ನುವುದು. ಅಷ್ಟರಲ್ಲಿ ಅಕ್ಕನ ಚಹಾ ಬರುವುದು.

ಒಂದು ವರ್ಷದಿಂದ ಅದು ಸರಿ ಇರಲಿಲ್ಲ. ಮೊದಮೊದಲು ಒಂದೆರಡು ಎಲೆ ಬಿಟ್ಟುಹೋಗುತ್ತಿದ್ದವು. ಆಮೇಲೆ ಕೈಯಲ್ಲಿಲ್ಲದ ಎಲೆಗಳು ಬಾಯಲ್ಲಿ ಬರತೊಡಗಿದವು. ಈಚೆಗೆ ಜೋಡಣೆಯೇ ಕೆಟ್ಟು, ಆಟೀನುಗಳು ಬಲಗಡೆಯ ಡೈಮಂಡುಗಳ ನಡುವೆ ಹೋಗಿ ಸೇರಿಕೊಳ್ಳುತ್ತಿದ್ದವು, ಬೇರೆಯವರ ಮನೆಗೆ ಹೋಗಿ ಮಲಗಿದ ಮಕ್ಕಳ ಹಾಗೆ. ಭಾವ ಏಳೋ ಎಂಟೋ ಹೇಳಿ, ನಿಂತು, ಚಾವಣಿ ನೋಡಿ, "ಸರಿನಾ?" ಎನ್ನುತ್ತಿದ್ದರು.

"ಸರಿ ಭಾವ" ಎನ್ನುತ್ತಿದ್ದ ಅವನು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕ ಲೋಟ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಅವನದು ಕೀಲಿ ಮಾಡುವ ಅಂಗಡಿ. ಬಸ್ ನಿಲ್ದಾಣದ ಎದುರು, ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಸಿಕ್ಕಿದ ಮೂಲೆ. ನಿಂತರೆ ತಲೆ ತಾಗುತ್ತದೆ, ಹಾಗಾಗಿ ಅವನು ನಿಲ್ಲುವುದೇ ಇಲ್ಲ. ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಕೊರೆಯದ ಕೀಲಿಗಳು. ಸಂಜೆ ಮನೆಗೆ ಹೋಗುವಾಗ ಅವನ ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ ಮಿಂಚುತ್ತಿತ್ತು. ಗಿರಾಕಿಗಳು ಸವೆದು ನುಣ್ಣಗಾದ ಕೀಲಿ ತಂದು, ಇದರ ಹಾಗೇ ಇನ್ನೊಂದು ಮಾಡಿಕೊಡಿ ಎಂದರೆ, "ಇದರ ಹಾಗೇ ಮಾಡಿದ್ರೆ ಸವೆತಾನೂ ಬರುತ್ತೆ ಸ್ವಾಮಿ. ಹೊಸದಿದ್ದಾಗ್ಲೇ ತರಬೇಕಿತ್ತು" ಎನ್ನುತ್ತಿದ್ದ.

ಭಾವ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಯಾವ ಬೀದಿಯ ಕೆಳಗೆ ಎಷ್ಟು ದಪ್ಪದ ಪೈಪಿದೆ, ಯಾವ ತಿರುವಿನಲ್ಲಿ ಯಾವ ವಾಲ್ವ್ ಮಣ್ಣಿನಲ್ಲಿ ಹೂತುಹೋಗಿದೆ, ಎಲ್ಲವೂ ಅವರ ತಲೆಯಲ್ಲಿತ್ತು. ನಿವೃತ್ತಿಯಾದ ಮೇಲೂ ಕಚೇರಿಯವರು ಮನೆಗೆ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅಕ್ಕನ ಮದುವೆಯಾದ ಹೊಸದರಲ್ಲಿ, ಕೆಲಸ ಕಲಿಯಲೆಂದು ಬಂದು ಮನೆಯಲ್ಲಿ ಉಳಿದಿದ್ದ ಈ ಭಾವಮೈದನನ್ನು ಭಾವ ಒಂದು ಸಂಜೆ ಎದುರಿಗೆ ಕೂರಿಸಿಕೊಂಡು ಬ್ರಿಜ್ ಹೇಳಿಕೊಟ್ಟರು. ಇಬ್ಬಿಬ್ಬರು ಜೊತೆಗಾರರಾಗಿ, ಎದುರುಬದುರು ಕೂತು ಆಡುವ ಆಟ ಅದು. ಜೊತೆಗಾರನ ಕೈಯಲ್ಲೇನಿದೆ ಎಂಬುದನ್ನು ಅವನು ಇಟ್ಟ ಎಲೆಯಿಂದ ತಿಳಿಯಬೇಕು, ಬಾಯಿಬಿಟ್ಟು ಕೇಳುವಂತಿಲ್ಲ. ಭಾವ ನೆಂಟರ ಮುಂದೆಲ್ಲ ಹೇಳುತ್ತಿದ್ದರು, "ಹೆಂಡತಿ ಹುಡುಕೋದೇನು ಮಹಾ, ಬ್ರಿಜ್‌ಗೆ ಪಾರ್ಟ್ನರ್ ಸಿಗೋದು ಕಷ್ಟ. ನಮ್ಮ ಮಾವ ಪುಣ್ಯಾತ್ಮ, ಎರಡನ್ನೂ ಒಂದೇ ಮನೇಲಿ ಇಟ್ಟಿದ್ದ."

"ಒಂದನ್ನ ನೋಡೋಕೆ ಬಂದು ಇನ್ನೊಂದನ್ನ ಒಪ್ಪಿಕೊಂಡು ಹೋದ್ರು" ಎಂದು ಅಕ್ಕ ಒಳಗಿನಿಂದ ಸೇರಿಸುತ್ತಿದ್ದಳು.

ಅವರಿಬ್ಬರೂ ಆಡುತ್ತಿದ್ದ ಕ್ಲಬ್ಬು ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಕಿರುಗುಡುವ ಫ್ಯಾನುಗಳು, ಗೋಡೆಯ ಮೇಲೆ ಉದ್ದನೆಯ ಮರದ ಹಲಗೆ. ವರ್ಷಕ್ಕೊಮ್ಮೆ ನಡೆಯುವ ಟೂರ್ನಮೆಂಟಿನಲ್ಲಿ ಗೆದ್ದ ಜೋಡಿಯ ಹೆಸರನ್ನು ಆ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಿದ್ದರು. ಇವರ ಹೆಸರು ಅಲ್ಲಿರಲಿಲ್ಲ. ಎರಡನೆಯ ಸ್ಥಾನ ಬಂದದ್ದುಂಟು, ಮೂರನೆಯದಂತೂ ಲೆಕ್ಕವಿಲ್ಲ. ಎರಡನೆಯವರ ಹೆಸರನ್ನು ಯಾರೂ ಹಲಗೆಯ ಮೇಲೆ ಬರೆಸುವುದಿಲ್ಲ. ಭಾವ ಪ್ರತಿ ಸಲ ಒಳಗೆ ಬಂದ ಕೂಡಲೇ ಹಲಗೆಯ ಕೆಳತುದಿಗೆ ಕಣ್ಣು ಹಾಯಿಸಿ, "ಇನ್ನೂ ಜಾಗ ಇದೆ ಕಣಯ್ಯಾ" ಎನ್ನುತ್ತಿದ್ದರು. ದೇವರ ಹತ್ತಿರ ಏನನ್ನೂ ಬೇಡದ ಮನುಷ್ಯ ಅವರು. ಬೇಡಿದರೆ ಈ ಒಂದನ್ನು ಬೇಡಿಯಾರು ಎಂದು ಅವನಿಗೆ ಗೊತ್ತಿತ್ತು.

ಈ ಸಲದ ಟೂರ್ನಮೆಂಟಿನ ಹಿಂದಿನ ದಿನ ಅಕ್ಕ ಅವನನ್ನು ಗೇಟಿನವರೆಗೆ ಬಿಡಲು ಬಂದಳು.

"ಇದೇ ಕೊನೆ. ಇನ್ನು ಕಳಿಸಲ್ಲ."

"ಯಾಕೆ, ಏನಾಯ್ತು?"

"ಮೊನ್ನೆ ಹಾಲು ತರೋಕೆ ಹೋದವರು ಬಾಗಿಲಲ್ಲಿ ನಿಂತು ಬೆಲ್ ಒತ್ತಿದ್ರು. ತೆಗೆದೆ. ನನ್ನ ಮುಖ ನೋಡಿ, 'ಮನೆಯವರು ಇದಾರಾಮ್ಮ' ಅಂದ್ರು."

ಅವನು ಗೇಟಿನ ಚಿಲಕ ತೆಗೆದ, ಮತ್ತೆ ಹಾಕಿದ. "ಡಾಕ್ಟ್ರು ಏನಂದ್ರು?"

"ಏನಂತಾರೆ? ಮಾತ್ರೆ ಬರೆದ್ರು. ಹೋಗಿದ್ದು ವಾಪಸ್ ಬರಲ್ಲಮ್ಮ, ಇರೋದನ್ನ ಜೋಪಾನ ಮಾಡ್ಕೊಳ್ಳಿ ಅಂದ್ರು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಒದ್ದೆ ಇರದಿದ್ದರೂ. "ನಾನು ದೇವರ ಹತ್ರ ಗೆಲ್ಲಿಸು ಅಂತ ಕೇಳಿಲ್ಲ ಕಣೋ. ನಾಲ್ಕು ಜನರ ಮುಂದೆ ನಗೆಪಾಟಲು ಮಾಡಬೇಡಪ್ಪ ಅಂತ ಕೇಳಿದೀನಿ. ನೀನೂ ಅಷ್ಟು ನೋಡ್ಕೊ."

ಅವನು ನೋಡಿಕೊಂಡ. ಬ್ರಿಜ್‌ನಲ್ಲಿ ಆಡುವ ಮೊದಲು ಹರಾಜು ನಡೆಯುತ್ತದೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಸುತ್ತು, ಅಂಥ ಹದಿಮೂರು ಸುತ್ತುಗಳಲ್ಲಿ ಎಷ್ಟನ್ನು ಗೆಲ್ಲುತ್ತೇವೆ, ಯಾವ ಜಾತಿ ತುರುಫು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವ ಜಾತಿ, ಎಂದು ಕೂಗಬೇಕು. ಹರಾಜು ಗೆದ್ದ ಜೋಡಿಯಲ್ಲಿ ಆ ಜಾತಿಯನ್ನು ಮೊದಲು ಕೂಗಿದವನೇ ಆಡಬೇಕು. ಅವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಅಂಗಾತ ಹರಡಿ ಸುಮ್ಮನೆ ಕೂರಬೇಕು. ಅವನಿಗೆ ಡಮ್ಮಿ ಎಂದು ಹೆಸರು. ಟೂರ್ನಮೆಂಟಿನ ಎರಡು ದಿನವೂ ಅವನು ಮಾಡಿದ್ದು ಇಷ್ಟೇ: ಕೈಯಲ್ಲಿ ಇದ್ದರೂ ಇಲ್ಲದಿದ್ದರೂ ತಾನೇ ಮುಂದೆ ಬಿದ್ದು ಕೂಗಿ, ಆಟವನ್ನು ತನ್ನ ಮೇಲೆ ಎಳೆದುಕೊಂಡು, ಭಾವನನ್ನು ಡಮ್ಮಿಯಾಗಿ ಕೂರಿಸಿದ್ದು. ಅದು ಒಳ್ಳೆಯ ಆಟವಲ್ಲ. ಬೇರೆ ಯಾವ ವರ್ಷವಾದರೂ ಭಾವ ಮೇಜಿನ ಕೆಳಗಿಂದ ಅವನ ಕಾಲು ತುಳಿಯುತ್ತಿದ್ದರು. ಈ ಸಲ ಎಲೆಗಳನ್ನು ಹರಡಿ, ಕೈಕಟ್ಟಿ ಕೂತು, ಬೇರೆಯವರ ಮನೆಯ ಊಟಕ್ಕೆ ಬಂದವರ ಹಾಗೆ ಸಂಕೋಚದಿಂದ ನಗುತ್ತಿದ್ದರು.

ದೇವರ ಲೀಲೆಯೋ ಏನೋ, ಎಲೆಗಳು ಬಂದ ಹಾಗೆ ಯಾವ ವರ್ಷವೂ ಬಂದಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೊನೆಯ ಮೇಜಿಗೆ ಹೋಗಿ ಕೂರುವ ಹೊತ್ತಿಗೆ ಇವರ ಜೋಡಿ ಎಲ್ಲರಿಗಿಂತ ಮೇಲಿತ್ತು, ಒಂದು ಕೂದಲೆಳೆಯಷ್ಟು. ಎರಡನೆಯವರು ಅದೇ ಮೇಜಿನಲ್ಲಿ ಎದುರಾಳಿಗಳಾಗಿ ಕೂತಿದ್ದರು: ಹಲ್ಲಿನ ಡಾಕ್ಟರು, ಅವರ ಜೊತೆಗೆ ಹೈಸ್ಕೂಲಿನ ಗಣಿತದ ಟೀಚರಮ್ಮ. ಹಲಗೆಯ ಮೇಲೆ ಆ ಇಬ್ಬರ ಹೆಸರು ಆಗಲೇ ಹಲವು ಸಲ ಬಂದಿತ್ತು. ಆಡಬೇಕಾದ ಆಟಗಳು ಎರಡು.

"ಬನ್ನಿ ಬನ್ನಿ" ಎಂದರು ಡಾಕ್ಟರು. "ಈ ವರ್ಷ ಕೀಲಿಯವರು ಎಲ್ಲರ ಬೀಗಾನೂ ಒಡೆದುಕೊಂಡು ಬಂದಿದಾರಂತೆ."

"ಹಲ್ಲು ಬಿಡಬೇಡಿ ಡಾಕ್ಟ್ರೇ" ಎಂದರು ಭಾವ ಥಟ್ಟನೆ. "ಕಿತ್ತರೆ ಹಾಕಿಕೊಡೋಕೆ ಇಲ್ಲಿ ಇನ್ನೊಬ್ಬ ಡಾಕ್ಟ್ರಿಲ್ಲ."

ಟೀಚರಮ್ಮ ನಕ್ಕರು. ಅವನಿಗೂ ನಗು ಬಂತು. ಭಾವ ಹಳೆಯ ಭಾವನೇ ಆಗಿ ಕೂತಿದ್ದರು ಆಗ. ಒಂದು ಕ್ಷಣ ಅವನಿಗೆ ಎಲ್ಲವೂ ಸುಳ್ಳು, ಭಾವನ ಮಾತ್ರೆಯೂ ಸುಳ್ಳು, ಅಕ್ಕ ಗೇಟಿನಲ್ಲಿ ಹೇಳಿದ್ದೂ ಸುಳ್ಳು ಎನಿಸಿತು.

ಮೊದಲ ಆಟವನ್ನು ಅವನೇ ಕೂಗಿ, ಅವನೇ ಆಡಿ, ಕೂಗಿದಷ್ಟು ಗೆದ್ದ. ಉಳಿದದ್ದು ಕೊನೆಯದು.

ಅದರಲ್ಲಿ ಮೊದಲ ಕೂಗು ಭಾವನದು. ಅವರು ಎಲೆ ಜೋಡಿಸುವುದನ್ನು ಅವನು ನೋಡುತ್ತ ಕೂತ. ಒಂದೊಂದೇ ಎಲೆಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ನಿಧಾನವಾಯಿತು. ಟೀಚರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ ಭಾವ ಪೆಟ್ಟಿಗೆಯಿಂದ ಕೂಗಿನ ಚೀಟಿ ತೆಗೆದು ಮುಂದಿಟ್ಟರು: ಇಸ್ಪೀಟ್.

ಅವನ ಕೈಯಲ್ಲಿ ಇಸ್ಪೀಟಿನ ರಾಜ, ಜೊತೆಗೆ ಎರಡು ಸಣ್ಣವು. ಇಸ್ಪೀಟನ್ನು ಎಷ್ಟೇ ಮೇಲೆ ಒಯ್ದರೂ ಅದನ್ನು ಮೊದಲು ಕೂಗಿದವರು ಭಾವ, ಆಡಬೇಕಾದವರೂ ಅವರೇ. ತುರುಫೇ ಬೇಡವೆಂದು ಕೂಗಿ ಆಟವನ್ನು ಕಿತ್ತುಕೊಳ್ಳಬಹುದಿತ್ತು. ಆದರೆ ಅವನ ಆಟೀನುಗಳು ಒಂಬತ್ತು, ಐದು, ಎರಡು; ಎದುರಾಳಿಗಳ ಆಟೀನುಗಳನ್ನು ತಡೆಯಲು ದೊಡ್ಡದೊಂದೂ ಇಲ್ಲ. ಹಾಗೆ ಕೂಗಿದರೆ ಕಣ್ಣು ಮುಚ್ಚಿಕೊಂಡು ಬಾವಿಗೆ ಹಾರಿದಂತೆ. ಅವನು ಇಟ್ಟದ್ದು ನಾಲ್ಕು ಇಸ್ಪೀಟ್. ಮೊದಲ ಆರು ಸುತ್ತು ಕೂಗಿನ ಲೆಕ್ಕಕ್ಕಿಲ್ಲ, ಅಂದರೆ ಆರರ ಮೇಲೆ ನಾಲ್ಕು, ಹತ್ತು ಸುತ್ತು ಗೆಲ್ಲಬೇಕು. ಗೆದ್ದರೆ ಹಲಗೆಯ ಮೇಲೆ ಹೆಸರು.

ಡಾಕ್ಟರು ಆಟೀನಿನ ಎಕ್ಕ ಹಾಕಿದರು. ಅವನು ತನ್ನ ಎಲೆಗಳನ್ನು ಹರಡಿ ಡಮ್ಮಿಯಾದ. ಇನ್ನು ಭಾವ ಹೇಳಿದ ಎಲೆಯನ್ನು ಎತ್ತಿಡುವುದಷ್ಟೇ ಅವನ ಕೆಲಸ. ಡಮ್ಮಿ ಸಲಹೆ ಕೊಡುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ. ಅವನಿಗಿರುವುದು ಒಂದೇ ಒಂದು ಹಕ್ಕು. ಆಡುವವನು ಬಂದ ಜಾತಿಯ ಎಲೆ ಹಾಕದೆ ಬೇರೆ ಹಾಕಿದರೆ, ಆ ಜಾತಿ ನಿಮ್ಮಲ್ಲಿಲ್ಲವೇ ಎಂದು ಕೇಳಬಹುದು. ಇದ್ದೂ ಹಾಕದಿದ್ದರೆ ರಿವೋಕ್, ದೊಡ್ಡ ತಪ್ಪು. ಕೇಳಿದಾಗಲೇ ತಿದ್ದಿಕೊಂಡರೆ ತಪ್ಪಿಲ್ಲ. ಕಲಿಸುವಾಗಲೇ ಭಾವ ಹೇಳಿದ್ದರು, "ಬೇರೆ ಯಾರ ಜೊತೆ ಆಡಿದ್ರೂ ಕೇಳು. ನನ್ನನ್ನ ಮಾತ್ರ ಕೇಳಬೇಡ. ನನ್ನ ಕೈಲಿ ಏನಿದೆ ಅಂತ ನನಗೆ ಗೊತ್ತಿರುತ್ತೆ." ಅವನು ಯಾವತ್ತೂ ಕೇಳಿರಲಿಲ್ಲ.

ಎಕ್ಕಕ್ಕೆ ಭಾವ ಆಟೀನಿನ ಆರು ಹಾಕಿದರು, ಇರಬೇಕಾದ ಜಾಗದಿಂದಲೇ, ಇಸ್ಪೀಟುಗಳ ಪಕ್ಕದಿಂದ. ಡಾಕ್ಟರು ರಾಜ ಹಾಕಿದರು. ಈ ಸಲ ಭಾವನ ಬೆರಳು ಎಡಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ, ಒಂದೊಂದೇ ಎಲೆ ದಾಟುತ್ತ ಬಲತುದಿಗೆ ಬಂತು. ಡೈಮಂಡುಗಳ ನಡುವಿನಿಂದ ಆಟೀನಿನ ಎಂಟನ್ನು ಎಳೆದು ಹಾಕಿತು.

ಅವನು ಅದನ್ನು ನೋಡಿದ. ಬೆಳಗಿನ ಚಹಾದ ಹೊತ್ತಿನಲ್ಲಿ ದಿನಾ ನೋಡುತ್ತಿದ್ದದ್ದೇ.

ಡಾಕ್ಟರು ಮೂರನೆಯ ಸಲ ಆಟೀನ್ ಹಾಕಿದರು, ರಾಣಿ. ಡಮ್ಮಿಯ ಕೊನೆಯ ಆಟೀನ್ ಬಿತ್ತು, ಟೀಚರಮ್ಮನದೂ ಬಿತ್ತು. ಭಾವ ಎಡತುದಿಯಿಂದ ಇಸ್ಪೀಟಿನ ಎರಡನ್ನು ತೆಗೆದು, ತುರುಫು ಹೊಡೆದು, ಸುತ್ತನ್ನು ಗೆದ್ದರು.

ಬಲಗಡೆ ಡೈಮಂಡುಗಳ ಜೊತೆ ಇನ್ನೊಂದು ಆಟೀನ್ ಅಡಗಿದೆಯೋ ಇಲ್ಲವೋ ಅವನಿಗೆ ಕಾಣುವಂತಿರಲಿಲ್ಲ. ಹಂಚಿದ ಎಲೆ ಪ್ರಾರ್ಥನೆಗೆ ಬದಲಾಗುವುದಿಲ್ಲ ಎಂದು ಭಾವ ನಗೆಯಾಡುತ್ತಿದ್ದರು. ಆದರೂ ಅವನು ಮನಸ್ಸಿನಲ್ಲೇ ದೇವರೇ ಎಂದ. ಆಮೇಲೆ ಕೇಳಿದ.

"ಆಟೀನ್ ಇಲ್ವಾ ಭಾವ?"

ಭಾವ ತಲೆಯೆತ್ತಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಎಷ್ಟೋ ಕಾಲ ಜೊತೆಗೆ ಬಾಳಿದವನು ಮನೆಯ ಪೆಟ್ಟಿಗೆಗೆ ಬೀಗ ಹಾಕಿದ್ದನ್ನು ಕಂಡವರ ಹಾಗೆ ನೋಡಿದರು.

"ಇಲ್ಲ" ಎಂದರು. ಆಮೇಲೆ, "ಇವತ್ತೇನಯ್ಯಾ ಹೊಸದಾಗಿ?" ಎಂದರು.

"ಕೀಲಿಯವರಿಗೆ ಕೈ ನಡುಗ್ತಿದೆ, ಅಷ್ಟೇ" ಎಂದರು ಡಾಕ್ಟರು.

ಅಲ್ಲಿಂದ ಮುಂದೆ ಭಾವ ಆಡಿದ್ದನ್ನು ಅವನು ಬಹಳ ಕಾಲ ಮರೆಯಲಾರ. ಎದುರಾಳಿಗಳ ಕೈಯಲ್ಲಿದ್ದ ತುರುಫುಗಳನ್ನೆಲ್ಲ ಎಳೆದು ಮುಗಿಸಿದರು. ಕಳಾವರಿನ ಎಕ್ಕ, ಡೈಮಂಡಿನ ರಾಜ, ರಾಣಿ, ಎಕ್ಕ, ಒಂದರ ಹಿಂದೊಂದು, ಯಾವುದನ್ನು ಯಾವ ಕೈಯಿಂದ ಗೆಲ್ಲಬೇಕೋ ಆ ಕೈಯಿಂದಲೇ. ಬೆನ್ನು ನೆಟ್ಟಗಾಗಿತ್ತು. ಬೀದಿಯ ಕೆಳಗಿನ ಪೈಪುಗಳನ್ನು ಬಲ್ಲ ಮನುಷ್ಯ ಒಂದೊಂದೇ ವಾಲ್ವ್ ತಿರುಗಿಸಿಕೊಂಡು ಹೋಗುತ್ತಿದ್ದ ಹಾಗಿತ್ತು. ಎಂಟು, ಒಂಬತ್ತು, ಹತ್ತು. ಹತ್ತು ಸುತ್ತು ಬಂದಿತ್ತು. ತಾನೇ ಏನೋ ತಪ್ಪು ಕಂಡೆ, ಸುಮ್ಮಸುಮ್ಮನೆ ಅವರ ಮನಸ್ಸು ನೋಯಿಸಿದೆ ಎಂದುಕೊಂಡ. ಗೋಡೆಯ ಹಲಗೆಯ ಕೆಳತುದಿಯ ಖಾಲಿ ಜಾಗವನ್ನು ಒಮ್ಮೆ ನೋಡಿಯೂ ಬಿಟ್ಟ.

ಎಲ್ಲರ ಕೈಯಲ್ಲೂ ಒಂದೊಂದೇ ಎಲೆ ಉಳಿದಿತ್ತು. ಭಾವ ತಮ್ಮದನ್ನು ಇಟ್ಟರು.

ಆಟೀನಿನ ಮೂರು.

ಡಾಕ್ಟರ ಕೈಯಲ್ಲಿದ್ದದ್ದು ಆಟೀನಿನ ಗುಲಾಮ. ಅವರು ಅದನ್ನು ತಕ್ಷಣ ಹಾಕಲಿಲ್ಲ. ಎರಡು ಬೆರಳಿನ ನಡುವೆ ಹಿಡಿದುಕೊಂಡು, ಭಾವನ ಎಲೆಯನ್ನೂ ಭಾವನನ್ನೂ ನೋಡಿ, ಆಮೇಲೆ ಸದ್ದಾಗದ ಹಾಗೆ ಇಟ್ಟರು. ಟೀಚರಮ್ಮ ತಲೆ ತಗ್ಗಿಸಿದರು.

"ಇದು ಎಲ್ಲಿತ್ತು?" ಎಂದರು ಭಾವ.

ಮೂರನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಎಲ್ಲಿತ್ತಯ್ಯಾ?" ಈ ಸಲ ಅವನನ್ನೇ ಕೇಳಿದರು. ಗೊತ್ತಿಲ್ಲದ ಬೀದಿಯಲ್ಲಿ ವಿಳಾಸ ಕೇಳುವವರ ದನಿ ಅದು. ದಿನಾ ಬೆಳಗ್ಗೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿದ್ದ ಮಾತು ಈಗ ಬರಲಿಲ್ಲ.

ಭಾವ ತಾವು ಆಡಿ ತಮ್ಮ ಮುಂದೆಯೇ ಸಾಲಾಗಿ ಬೋರಲಿಟ್ಟಿದ್ದ ಎಲೆಗಳನ್ನು ಮೊದಲಿನಿಂದ ಒಂದೊಂದಾಗಿ ತಿರುಗಿಸಿದರು. ಆರು. ಎಂಟು. ಇಸ್ಪೀಟಿನ ಎರಡಕ್ಕೆ ಬಂದು ನಿಂತರು. ಆಟೀನಿನ ಮೂರನ್ನು ತಂದು ಅದರ ಪಕ್ಕದಲ್ಲಿಟ್ಟು, ಎರಡನ್ನೂ ಬೆರಳಿನಿಂದ ಸಮ ಮಾಡಿದರು, ನಕ್ಷೆಯ ಮೇಲೆ ಅಳತೆಪಟ್ಟಿ ಇಡುತ್ತಿದ್ದ ಹಾಗೆ. ಆಮೇಲೆ ಮಾತಾಡಿದರು. ದನಿ ಕಚೇರಿಯ ದನಿಯಾಗಿತ್ತು, ಸ್ಪಷ್ಟವಾಗಿತ್ತು.

"ರಿವೋಕ್ ಆಗಿದೆ. ಆ ಸುತ್ತು ಗೆದ್ದಿದ್ದೂ ನಾನೇ. ಹಾಗಾಗಿ ಎರಡು ಸುತ್ತು ಅವರಿಗೆ ಹೋಗುತ್ತೆ. ಹತ್ತಲ್ಲ, ಎಂಟು. ಡೈರೆಕ್ಟರನ್ನ ಕರೀರಿ."

ಡೈರೆಕ್ಟರು ಬೂಟು ಕಿರುಗುಡಿಸುತ್ತ ಬಂದರು. ಟೂರ್ನಮೆಂಟು ನಡೆಸುವವರು, ಮೇಜಿನ ತಂಟೆಗಳನ್ನೆಲ್ಲ ತೀರ್ಮಾನಿಸುವವರು. ಅವರು ಎಲೆಗಳನ್ನು ನೋಡಿ ಮುಗಿಸುವ ಮೊದಲೇ ಡಾಕ್ಟರು ಎದ್ದು, ಅವರನ್ನೂ ಕೀಲಿಯವನನ್ನೂ ಎರಡು ಹೆಜ್ಜೆ ಆಚೆ ಕಿಟಕಿಯ ಬಳಿಗೆ ಕರೆದುಕೊಂಡು ಹೋದರು.

"ಇದರಿಂದ ನಮಗೇನೂ ನಷ್ಟ ಆಗಿಲ್ಲ" ಎಂದರು ತಗ್ಗಿದ ದನಿಯಲ್ಲಿ. "ಆ ಮೂರನ್ನ ಆಗ್ಲೇ ಹಾಕಿದ್ರೂ ಹತ್ತೇ, ಕೊನೇಲಿ ಹಾಕಿದ್ರೂ ಹತ್ತೇ. ದಂಡ ಬೇಡ ಅಂತ ನಾವೇ ಕೇಳ್ಕೊತೀವಿ. ಹತ್ತು ಅಂತಾನೇ ಇರಲಿ."

"ಕೇಳಬೇಕಾದವರು ನೀವು. ನೀವೇ ಬೇಡ ಅಂದ್ರೆ ಬಿಡೋ ಅಧಿಕಾರ ನನಗಿದೆ" ಎಂದರು ಡೈರೆಕ್ಟರು. "ಹಾಗೆ ಮಾಡಿದ್ರೆ ಇವರೇ ಮೊದಲು ಬರ್ತಾರೆ, ಗೊತ್ತಲ್ಲ?"

"ಗೊತ್ತು." ಡಾಕ್ಟರು ಕೀಲಿಯವನ ಕಡೆ ತಿರುಗಿದರು. "ನಮ್ಮಮ್ಮನೂ ಹೀಗೇ ಆಗಿ ಹೋದ್ರು ಕಣ್ರೀ. ಕೊನೆಗೆ ನನ್ನನ್ನ ಅವರ ತಮ್ಮ ಅಂದ್ಕೊಂಡಿದ್ರು. ಹಲಗೆ ಮೇಲೆ ಅವರ ಹೆಸರು ಬರಲಿ ಬಿಡಿ. ನಮ್ಮದು ಬೇಕಾದಷ್ಟಿದೆ."

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಅದರಲ್ಲಿ ಅನುಮಾನವಿರಲಿಲ್ಲ. ಅವನು ಮೇಜಿನ ಕಡೆ ನೋಡಿದ. ಭಾವ ಈಗಾಗಲೇ ದೂರ ಹೋಗಿಬಿಟ್ಟಿದ್ದರು. ಎರಡು ಎಲೆಗಳ ಮುಂದೆ ಕೈಕಟ್ಟಿ ಕೂತು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ಟೀಚರಮ್ಮ ಏನೋ ಕೇಳಿದ್ದಕ್ಕೆ ಸಂಕೋಚದಿಂದ ನಕ್ಕರು. ಹಲಗೆಯ ಮೇಲೆ ಬಂಗಾರದ ಬಣ್ಣ ಒಣಗುವಷ್ಟರಲ್ಲಿ ಅದು ಯಾರ ಹೆಸರು ಎಂದು ಅವರೇ ಕೇಳಿಯಾರು. ಬರೆಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾಳೆ ಬೆಳಗ್ಗೆ ಅವನು ಅಕ್ಕನ ಮನೆಗೆ ಹೋಗಿ ಹದಿಮೂರು ಎಲೆ ಹಂಚುತ್ತಾನೆ, ಅವರು ಐದೋ ಆರೋ ಹೇಳುತ್ತಾರೆ, ಅವನು ಸರಿ ಎನ್ನುತ್ತಾನೆ. ನಾಡಿದ್ದೂ ಅಷ್ಟೇ. ಒಂದು ದಿನ ಎಲೆ ಯಾಕೆ ಹಂಚುತ್ತಿದ್ದಾನೆಂದೇ ಅವರಿಗೆ ತಿಳಿಯುವುದಿಲ್ಲ. ಆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ದೇವರಿಗಂತೂ ಮೊದಲೇ ಗೊತ್ತಿದ್ದಿರಬೇಕು.

ಆದರೆ ಈ ಮೇಜಿನ ಮುಂದೆ, ಸ್ವಲ್ಪ ಹೊತ್ತಿನ ಹಿಂದೆ, ಭಾವ ತಮ್ಮ ತಪ್ಪನ್ನು ತಾವೇ ಹುಡುಕಿ, ತಾವೇ ಅಳೆದು, ಇಂತಿಷ್ಟು ಎಂದು ಹೇಳಿದ್ದರು. ಒಂದು ವರ್ಷದಲ್ಲಿ ಅವರ ಬಾಯಿಂದ ಬಂದ ಪೂರ್ತಿ ಸರಿಯಾದ ಲೆಕ್ಕ ಅದೊಂದೇ. ಇನ್ನೊಂದು ಬರುತ್ತದೆಂದು ಅವನಿಗೆ ನಂಬಿಕೆಯಿರಲಿಲ್ಲ.

"ಏನಂತೀರಿ?" ಎಂದರು ಡೈರೆಕ್ಟರು, ಪೆನ್ನಿನ ಮುಚ್ಚಳ ತೆಗೆದು.

ಅವನು ಉಗುರಿನ ಸಂದಿಯ ಹಿತ್ತಾಳೆ ಪುಡಿಯನ್ನು ಇನ್ನೊಂದು ಉಗುರಿನಿಂದ ಕೆದಕುತ್ತ ನಿಂತಿದ್ದವನು ತಲೆಯೆತ್ತಿದ.

"ಬೇಡ ಡಾಕ್ಟ್ರೇ. ನಿಮ್ಮ ಉಪಕಾರ ದೊಡ್ಡದು, ಬೇಡ. ಭಾವ ಎಂಟು ಅಂದಿದಾರಲ್ಲ, ಎಂಟೇ ಬರ್ಕೊಳ್ಳಿ."